ಪುಸ್ತಕ ಹೊಲಿಯುವ ಕೈಗಳು: ಗೋವಾದ ಹಳೆಯ ಕಡತಗಳಿಂದ ನಮ್ಮ ಶಾಲೆಯ ರಿಜಿಸ್ಟರ್‌ವರೆಗೆ

ಪುಸ್ತಕ ಬರೆದವರ ಹೆಸರು ಮುಖಪುಟದ ಮೇಲಿರುತ್ತದೆ. ಅಚ್ಚು ಹಾಕಿದವರ ಹೆಸರು ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಆದರೆ ಆ ಹಾಳೆಗಳನ್ನು ಮಡಚಿ, ಜೋಡಿಸಿ, ಹೊಲಿದು, ರಟ್ಟು ಕಟ್ಟಿದವರ ಹೆಸರು ಎಲ್ಲಿರುತ್ತದೆ? ಎಲ್ಲಿಯೂ ಇರುವುದಿಲ್ಲ! ಚರಿತ್ರೆಯ ಪಾಠದಲ್ಲೂ ಇಲ್ಲ. ಹಾಗಾಗಿ ಈ ಸಲ ಪುಸ್ತಕ ಕಟ್ಟುವವರ ಚರಿತ್ರೆಯನ್ನು ಸ್ವಲ್ಪ ನೋಡೋಣ. ಇದು ಕೇವಲ ಒಂದು ಕಸುಬಿನ ಕಥೆಯಲ್ಲ. ಗಡಿಯಾಚೆ ಇರುವ ನಮ್ಮಂಥ ಕನ್ನಡ ಶಾಲೆಗಳ ಕಪಾಟಿಗೂ ಇದಕ್ಕೂ ನೇರ ಸಂಬಂಧವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಮೊದಲ ಪುಸ್ತಕ ಎಲ್ಲಿದೆ?

ಭಾರತಕ್ಕೆ ಮೊದಲ ಅಚ್ಚುಯಂತ್ರ ಬಂದದ್ದು ಗೋವಾಕ್ಕೆ, 1556ರಲ್ಲಿ. ಅದು ಅಬಿಸೀನಿಯಾಕ್ಕೆ, ಅಂದರೆ ಇಂದಿನ ಇಥಿಯೋಪಿಯಾಕ್ಕೆ ಹೋಗಬೇಕಾಗಿದ್ದ ಯಂತ್ರ. ಗೋವಾದಲ್ಲೇ ಉಳಿಯಿತು. ಹಳೆಯ ಗೋವಾದ ಸಂತ ಪೌಲರ ಕಾಲೇಜಿನಲ್ಲಿ ಅದನ್ನು ಹೂಡಿ ಅದೇ ವರ್ಷ ಅಚ್ಚಿನ ಕೆಲಸ ಶುರು ಮಾಡಿದರು. ಈ ವಿಷಯವನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ಸಹಜವಾಗಿ ಕೇಳುತ್ತಾರೆ, "ಸರ್, ಆ ಮೊದಲ ಪುಸ್ತಕ ಪಣಜಿಯಲ್ಲಿ ಇದೆಯಾ? ನೋಡಬಹುದಾ?"

ಇಲ್ಲ. 1556ರಲ್ಲಿ ಅಚ್ಚಾದದ್ದರ ಒಂದು ಪ್ರತಿಯೂ ಉಳಿದಿಲ್ಲ. 1557ರ ಪುಸ್ತಕವೂ ಸಿಕ್ಕಿಲ್ಲ. ಗೋವಾದಲ್ಲಿ ಅಚ್ಚಾಗಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಪುಸ್ತಕ 1561ರದು. ಅದನ್ನು ನೋಡಬೇಕಾದರೆ ಅಮೆರಿಕದ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಬೇಕು!

ಇನ್ನೊಂದು ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಇಂಗ್ಲೆಂಡಿನಿಂದ ಗೋವಾಕ್ಕೆ ಬಂದ ಪಾದ್ರಿ ಥಾಮಸ್ ಸ್ಟೀಫನ್ಸ್ ಮರಾಠಿಯಲ್ಲಿ ಬರೆದ 'ಕ್ರಿಸ್ತಪುರಾಣ' ಸುಮಾರು 11,000 ಓವಿಗಳ ಕಾವ್ಯ. ಅದು 1616, 1649 ಮತ್ತು 1654ರಲ್ಲಿ, ಒಟ್ಟು ಮೂರು ಸಲ ಅಚ್ಚಾಯಿತು. ಮೂರೂ ಮುದ್ರಣಗಳ ಪ್ರತಿಗಳು ಇಂದು ಇಲ್ಲ. ಹಾಗಾದರೆ ಕಾವ್ಯ ಉಳಿದದ್ದು ಹೇಗೆ? ಗೋವಾದಿಂದ ದಕ್ಷಿಣಕ್ಕೆ, ಕನ್ನಡ ಕರಾವಳಿಗೆ ಹೋಗಿ ನೆಲೆಸಿದ ಕ್ರೈಸ್ತ ಕುಟುಂಬಗಳು ಅದನ್ನು ಕೈಯಲ್ಲಿ ನಕಲು ಮಾಡಿ ಇಟ್ಟುಕೊಂಡಿದ್ದವು. ಅಂಥ ಹಸ್ತಪ್ರತಿಗಳ ಆಧಾರದ ಮೇಲೆ ಜೋಸೆಫ್ ಸಲ್ಡಾನ ಅವರು 1907ರಲ್ಲಿ ಮಂಗಳೂರಿನಲ್ಲಿ ಅದನ್ನು ಮತ್ತೆ ಅಚ್ಚು ಹಾಕಿಸಿದರು.

ಅಚ್ಚಾದ ಪುಸ್ತಕ ಹೋಯಿತು, ಮನೆಯ ಪೆಟ್ಟಿಗೆಯಲ್ಲಿದ್ದ ಕೈಬರಹ ಉಳಿಯಿತು. ಅಂದರೆ ಅಚ್ಚಾದ ಮಾತ್ರಕ್ಕೆ ಪುಸ್ತಕ ಉಳಿಯುವುದಿಲ್ಲ. ಯಾರೋ ಒಬ್ಬರು ಅದನ್ನು ಉಳಿಸಬೇಕು.

ಕಡತ ಎಂಬ ಪದದ ಕಥೆ

ಇಂದು ನಾವು ಕಚೇರಿಯ ಫೈಲಿಗೆ 'ಕಡತ' ಎನ್ನುತ್ತೇವೆ. ಆದರೆ ಮೂಲದಲ್ಲಿ ಕಡತ ಅಂದರೆ ಬಟ್ಟೆಯ ಪುಸ್ತಕ. ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬೆರೆಸಿ ಬಳಿಯುತ್ತಿದ್ದರು. ಒಣಗಿದ ಮೇಲೆ ಬಟ್ಟೆ ಕಪ್ಪಾಗಿ, ಗಟ್ಟಿಯಾಗಿ, ನಮ್ಮ ಕರಿಹಲಗೆಯಂತೆ ಆಗುತ್ತಿತ್ತು. ಅದನ್ನು ಹಿಂದೆ ಮುಂದೆ ಮಡಿಕೆ ಹಾಕಿ ಮಡಚಿ, ಬಳಪದ ಕಡ್ಡಿಯಲ್ಲಿ ಬರೆಯುತ್ತಿದ್ದರು. ಲೆಕ್ಕಪತ್ರ, ಮಠಮಾನ್ಯಗಳ ದಾಖಲೆ, ಅರಮನೆಯ ವ್ಯವಹಾರ ಎಲ್ಲವೂ ಇದರಲ್ಲಿ. ಶೃಂಗೇರಿ ಮಠದ ಕಡತಗಳು ಚರಿತ್ರೆಕಾರರಿಗೆ ಬಹಳ ಉಪಯೋಗವಾಗಿವೆ.

ಓಲೆಗರಿಯ ಪುಸ್ತಕಗಳೂ ಹಾಗೆಯೇ. ತಾಳೆಗರಿಯನ್ನು ಹದ ಮಾಡಿ, ಲೋಹದ ಕಂಠದಿಂದ ಕೊರೆದು, ದೀಪದ ಮಸಿ ಬಳಿದು, ತೂತಿನಲ್ಲಿ ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆ ಇಟ್ಟು ಕಟ್ಟುವುದು. ಇಲ್ಲಿ ಒಂದು ಅಂಶವನ್ನು ಗಮನಿಸಿ. ದಾರ ಬಿಚ್ಚಿದರೆ ಗರಿಗಳು ಬಿಡಿಬಿಡಿಯಾಗುತ್ತವೆ. ಒಂದು ಗರಿ ಹಾಳಾದರೆ ಅದನ್ನು ತೆಗೆದು ಹೊಸದು ಬರೆದು ಸೇರಿಸಬಹುದು. ಬಿಚ್ಚಿ ಮತ್ತೆ ಕಟ್ಟುವ ಈ ಅನುಕೂಲ ಮುಂದೆ ನಮಗೆ ಮುಖ್ಯವಾಗುತ್ತದೆ.

ಮಳೆಗಾಲದ ಹಡಗು ಮತ್ತು ಪಣಜಿಯ ಪತ್ರಾಗಾರ

ಬಟ್ಟೆ, ಓಲೆಗರಿಗಳಲ್ಲಿ ನಮ್ಮ ರಾಜರ ದಾಖಲೆ ಇದ್ದ ಕಾಲದಲ್ಲಿ, ಪಕ್ಕದ ಗೋವಾದಲ್ಲಿ ಪೋರ್ಚುಗೀಸರು ಯುರೋಪಿನ ಕಾಗದದಲ್ಲಿ ಬರೆಯುತ್ತಿದ್ದರು. 1595ರಲ್ಲಿ ಇಲ್ಲಿ ಪತ್ರಾಗಾರ ಶುರುವಾಯಿತು. ಅದರ ಮೊದಲ ಪಾಲಕ ದಿಯೊಗೊ ದೊ ಕೊತೊ ಎಂಬ ಚರಿತ್ರೆಕಾರ. ಆ ಪರಂಪರೆಯ ಸಂಗ್ರಹವೇ ಇಂದು ಪಣಜಿಯಲ್ಲಿರುವ ಗೋವಾ ಸರ್ಕಾರದ ಪತ್ರಾಗಾರದಲ್ಲಿದೆ.

ಅಲ್ಲಿಯ ಅತ್ಯಂತ ಪ್ರಸಿದ್ಧ ಸಂಪುಟಗಳಿಗೆ 'ಮಾನ್ಸೂನ್ ಪುಸ್ತಕಗಳು' ಎಂದು ಹೆಸರು. ಯಾಕೆ ಈ ಹೆಸರು? ಲಿಸ್ಬನ್ನಿನಿಂದ ಹಡಗುಗಳು ಮಳೆಗಾಲದ ಗಾಳಿ ಹಿಡಿದು ಗೋವಾಕ್ಕೆ ಬರುತ್ತಿದ್ದವು, ಗಾಳಿ ತಿರುಗಿದ ಮೇಲೆ ಹಿಂದಕ್ಕೆ ಹೋಗುತ್ತಿದ್ದವು. ಹೀಗೆ ಬಂದ ಪತ್ರ, ಹೋದ ಉತ್ತರಗಳ ಪ್ರತಿಗಳನ್ನು ವರ್ಷವಾರು ಜೋಡಿಸಿ ಕಟ್ಟಿಟ್ಟರು. ನೂರಾರು ಸಂಪುಟಗಳಾದವು. 18ನೇ ಶತಮಾನದ ಕೊನೆಯ ಭಾಗದಲ್ಲಿ ಇವುಗಳಲ್ಲಿ 62 ಸಂಪುಟಗಳನ್ನು ಲಿಸ್ಬನ್ನಿಗೆ ಕಳುಹಿಸಲಾಯಿತು. ಉಳಿದವು ಇಲ್ಲಿಯೇ ಇವೆ.

ಇದರಲ್ಲಿ ಕನ್ನಡಿಗರಿಗೆ ಏನಿದೆ ಎಂದು ಕೇಳಬಹುದು. ಬಹಳಷ್ಟಿದೆ! ಗೋವಾದವರು ಉಣ್ಣುತ್ತಿದ್ದ ಅಕ್ಕಿಯ ದೊಡ್ಡ ಪಾಲು ಬಸರೂರು, ಹೊನ್ನಾವರ, ಮಂಗಳೂರು ಬಂದರುಗಳಿಂದ ಬರುತ್ತಿತ್ತು. ಹಾಗಾಗಿ ಕೆಳದಿ ನಾಯಕರ ಜೊತೆಗಿನ ಒಪ್ಪಂದ, ಜಗಳ, ರಾಜಿ ಎಲ್ಲವೂ ಗೋವಾದ ಕಡತಗಳಲ್ಲಿ ದಾಖಲಾಗಿದೆ. 1760ರ ದಶಕದಲ್ಲಿ ಹೈದರ್ ಅಲಿಯ ಸೈನ್ಯ ಬಂದಾಗ ಸೋದೆಯ ಅರಸು ಮನೆತನ ಗೋವಾಕ್ಕೆ ಬಂದು ಆಶ್ರಯ ಪಡೆಯಿತು. ಅದರ ಪತ್ರಗಳೂ ಇವೆ. 20ನೇ ಶತಮಾನದಲ್ಲಿ ಈ ಪತ್ರಾಗಾರದ ಮುಖ್ಯಸ್ಥರಾಗಿದ್ದ ಪಾಂಡುರಂಗ ಪಿಸುರ್ಲೇಕರ್ ಇದರ ಸಂಗ್ರಹಕ್ಕೆ ಕೈಪಿಡಿ ಬರೆದು 1955ರಲ್ಲಿ ಪ್ರಕಟಿಸಿದರು. ಗೋವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಬಿ.ಎಸ್. ಶಾಸ್ತ್ರಿಯವರು ಗೋವಾ-ಕೆನರಾ ಸಂಬಂಧದ ಬಗ್ಗೆ ಗ್ರಂಥವನ್ನೇ ಬರೆದಿದ್ದಾರೆ. ಕೆಳದಿಯ ಚರಿತ್ರೆಯ ಎಷ್ಟೋ ಪುಟಗಳು ಪಣಜಿಯಲ್ಲಿವೆ ಎಂದರೆ ತಪ್ಪಾಗದು.

ಆದರೆ ಇಲ್ಲಿಯ ಹವಾಮಾನ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ವರ್ಷವಿಡೀ ಸಮುದ್ರದ ತೇವ. ಕಾಗದಕ್ಕೆ ಬೂಸು ಹಿಡಿಯುತ್ತದೆ. ಗೆದ್ದಲು, ಬೆಳ್ಳಿಹುಳ ಕಾದಿರುತ್ತವೆ. ಇವುಗಳ ಜೊತೆಗೆ ಒಳಗಿನ ಶತ್ರು ಒಬ್ಬನಿದ್ದಾನೆ. ಅದು ಶಾಯಿ! ಆ ಕಾಲದ ಯುರೋಪಿನ ಶಾಯಿಯನ್ನು ಓಕ್ ಮರದ ಗಂಟುಗಳ ಒಗರು ರಸಕ್ಕೆ ಕಬ್ಬಿಣದ ಲವಣ ಬೆರೆಸಿ ಮಾಡುತ್ತಿದ್ದರು. ಬರೆದಾಗ ಚೆನ್ನಾಗಿ ಕಪ್ಪಾಗುತ್ತದೆ. ಶತಮಾನ ಕಳೆದಂತೆ ಅದರ ಆಮ್ಲ ಕಾಗದವನ್ನೇ ಸುಡುತ್ತದೆ. ಅಕ್ಷರ ಇದ್ದ ಜಾಗದಲ್ಲಿ ತೂತು ಬೀಳುತ್ತದೆ. ಇಂಥ ಹಾಳೆಯನ್ನು ಮುಟ್ಟುವುದಕ್ಕೂ ಕಲಿತ ಕೈ ಬೇಕು.

ಮೇಸ್ತ್ರಿಯ ಪಕ್ಕದಲ್ಲಿ ಕೂತು ಕಲಿಯುವ ವಿದ್ಯೆ

ಬೈಂಡಿಂಗ್ ಕೆಲಸವನ್ನು ಪುಸ್ತಕ ಓದಿ ಕಲಿಯುವುದು ಕಷ್ಟ. ಮೇಸ್ತ್ರಿಯ ಪಕ್ಕದಲ್ಲಿ ಕೂತು, ನೋಡಿ, ಮಾಡಿ, ಬಿಚ್ಚಿ, ಮತ್ತೆ ಮಾಡಿ ಕಲಿಯಬೇಕು. ಕೆಲಸದ ಕ್ರಮ ಸ್ಥೂಲವಾಗಿ ಹೀಗಿದೆ. ಅಚ್ಚಾದ ದೊಡ್ಡ ಹಾಳೆಯನ್ನು ಮಡಚಿ ಫಾರಂ ಮಾಡುವುದು. ಫಾರಂಗಳನ್ನು ಕ್ರಮವಾಗಿ ಜೋಡಿಸುವುದು. ಪ್ರತಿ ಫಾರಂನ ಮಡಿಕೆಯೊಳಗೆ ಸೂಜಿ ಹಾಯಿಸಿ, ಬೆನ್ನಿಗೆ ಅಡ್ಡಲಾಗಿ ಇಟ್ಟ ದಾರ ಅಥವಾ ಪಟ್ಟಿಗೆ ಸೇರಿಸಿ ಹೊಲಿಯುವುದು. ಬೆನ್ನಿಗೆ ಸರಿ ಬಳಿಯುವುದು. ರಟ್ಟು ಕತ್ತರಿಸಿ ಕಟ್ಟುವುದು. ಕೊನೆಗೆ ಬಟ್ಟೆ ಅಥವಾ ಚರ್ಮ ಹೊದಿಸಿ ಒತ್ತಿನಲ್ಲಿಡುವುದು.

ಇದನ್ನು ಬರೆಯಲು ಕೆಲವೇ ವಾಕ್ಯ ಸಾಕಾಯಿತು. ಆದರೆ ದಾರವನ್ನು ಎಷ್ಟು ಬಿಗಿಯಾಗಿ ಎಳೆಯಬೇಕು? ಹೆಚ್ಚಾದರೆ ಕಾಗದ ಸೀಳುತ್ತದೆ, ಕಡಿಮೆಯಾದರೆ ಪುಸ್ತಕ ಜೋಲುತ್ತದೆ. ಸರಿ ಎಷ್ಟು ತೆಳುವಾಗಿರಬೇಕು? ಕಾಗದದ ನಾರು ಯಾವ ಕಡೆಗೆ ಓಡಿದೆ? ಇದನ್ನು ಬೆರಳೇ ಹೇಳಬೇಕು. ಅದಕ್ಕೇ ಈ ಕಸುಬಿನಲ್ಲಿ ಅಪ್ರೆಂಟಿಸ್ ಆಗಿ ವರ್ಷಗಟ್ಟಲೆ ದುಡಿಯುವ ಪದ್ಧತಿ ಎಲ್ಲ ದೇಶಗಳಲ್ಲೂ ಇತ್ತು.

ವಿಜ್ಞಾನಿ ಮೈಕೆಲ್ ಫ್ಯಾರಡೆಯ ಹೆಸರು ಮಕ್ಕಳಿಗೆಲ್ಲ ಗೊತ್ತು. ಅವರು ಕಲಿತ ಮೊದಲ ಕಸುಬು ಬೈಂಡಿಂಗ್! ಬಡ ಕಮ್ಮಾರನ ಮಗ, 1805ರಲ್ಲಿ 14ನೇ ವಯಸ್ಸಿಗೆ ಲಂಡನ್ನಿನ ರಿಬೊ ಎಂಬ ಬೈಂಡರ್ ಬಳಿ ಏಳು ವರ್ಷದ ಕರಾರಿಗೆ ಸೇರಿದರು. ಕಟ್ಟಲು ಬಂದ ಪುಸ್ತಕಗಳನ್ನು ಓದುತ್ತಲೇ ವಿಜ್ಞಾನ ಕಲಿತರು. 1812ರಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸ ಕೇಳಿ, ಟಿಪ್ಪಣಿ ಬರೆದು, ತಾವೇ ಬೈಂಡ್ ಮಾಡಿ ಅವರಿಗೆ ಕಳುಹಿಸಿದರು. ಮರುವರ್ಷ ಡೇವಿಯವರ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು.

ಕನ್ನಡ ನಾಡಿನಲ್ಲಿ ಅಚ್ಚು ಮತ್ತು ಬೈಂಡಿಂಗ್ ಎರಡನ್ನೂ ಒಟ್ಟಿಗೆ ಬೆಳೆಸಿದ ದೊಡ್ಡ ಸಂಸ್ಥೆ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ. 1841ರಲ್ಲಿ ಕಲ್ಲಚ್ಚಿನಿಂದ ಶುರುವಾಯಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಬಂದದ್ದು ಇಲ್ಲಿಂದಲೇ. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಇಲ್ಲಿ ಅಚ್ಚಾಯಿತು. ಅದರಲ್ಲಿ 1,700ಕ್ಕೂ ಹೆಚ್ಚು ಪುಟಗಳಿವೆ. ಅಷ್ಟು ದಪ್ಪದ ಪುಸ್ತಕ ದಿನಾ ತೆರೆದರೂ ಬಿಚ್ಚಿಹೋಗದಂತೆ ನಿಲ್ಲಬೇಕಾದರೆ ಹೊಲಿಗೆ ಎಷ್ಟು ಗಟ್ಟಿ ಇರಬೇಕು! ಕಿಟ್ಟೆಲ್ ಹೆಸರನ್ನು ನಾವೆಲ್ಲ ನೆನೆಯುತ್ತೇವೆ. ಹೊಲಿದವರನ್ನೂ ಒಮ್ಮೆ ನೆನೆಯೋಣ.

ಬೈಂಡರ್ ಸಂರಕ್ಷಕನಾದದ್ದು

ಕಸುಬುದಾರ ಬೈಂಡರ್ ಹಳೆಯ ಪುಸ್ತಕಗಳ ವೈದ್ಯನಾದದ್ದು ಹೇಗೆ? ಇಂಗ್ಲೆಂಡಿನ ಒಂದು ಗುರುಪರಂಪರೆ ಇದನ್ನು ಚೆನ್ನಾಗಿ ತೋರಿಸುತ್ತದೆ.

ಕಾಬ್ಡನ್-ಸ್ಯಾಂಡರ್ಸನ್ ಎಂಬ ವಕೀಲರು 1883ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ವಕೀಲಿ ಬಿಟ್ಟು ಬೈಂಡಿಂಗ್ ಕಲಿಯಲು ಹೋದರು. ಹತ್ತು ವರ್ಷದ ಮೇಲೆ ಸ್ವಂತ ಬೈಂಡರಿ ತೆರೆದರು. ಅಲ್ಲಿ ಅಪ್ರೆಂಟಿಸ್ ಆಗಿ ಸೇರಿದವರು ಡಗ್ಲಾಸ್ ಕಾಕರೆಲ್. ಕಾಕರೆಲ್ 1901ರಲ್ಲಿ ಬೈಂಡಿಂಗ್ ಮತ್ತು ಪುಸ್ತಕಗಳ ಆರೈಕೆ ಕುರಿತು ಬರೆದ ಪುಸ್ತಕ ಇಂದಿಗೂ ಬಳಕೆಯಲ್ಲಿದೆ. 1,600 ವರ್ಷದಷ್ಟು ಹಳೆಯ 'ಸಿನಾಯ್ ಬೈಬಲ್' ಹಸ್ತಪ್ರತಿಯನ್ನು 1935ರಲ್ಲಿ ಮತ್ತೆ ಕಟ್ಟಿದವರೂ ಅವರೇ. ಅವರ ಶಿಷ್ಯ ರೋಜರ್ ಪೊವೆಲ್ 1953ರಲ್ಲಿ ಐರ್ಲೆಂಡಿನ ಪ್ರಸಿದ್ಧ 'ಬುಕ್ ಆಫ್ ಕೆಲ್ಸ್' ಅನ್ನು ನಾಲ್ಕು ಸಂಪುಟಗಳಾಗಿ ಕಟ್ಟಿದರು. ಪೊವೆಲ್ ಅವರ ಜೊತೆ ಕೆಲಸ ಮಾಡಿದವರು ಪೀಟರ್ ವಾಟರ್ಸ್.

1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಆರ್ನೊ ನದಿ ಉಕ್ಕಿ, ರಾಷ್ಟ್ರೀಯ ಗ್ರಂಥಾಲಯಕ್ಕೆ ಕೆಸರು ನೀರು ನುಗ್ಗಿತು. ಹತ್ತು ಲಕ್ಷದಷ್ಟು ಪುಸ್ತಕ, ಪತ್ರಗಳು ನೆನೆದವು. ಸಹಾಯಕ್ಕೆ ಹೋದ ಬೈಂಡರ್‌ಗಳ ಮುಂದಾಳು ಇದೇ ವಾಟರ್ಸ್. ನೆನೆದ ಪುಸ್ತಕ ಬಿಚ್ಚುವುದು, ತೊಳೆಯುವುದು, ಒಣಗಿಸುವುದು, ಮತ್ತೆ ಹೊಲಿಯುವುದು ಇವೆಲ್ಲ ಒಂದು ವ್ಯವಸ್ಥಿತ ವಿದ್ಯೆಯಾಗಿ ಬೆಳೆದದ್ದು ಅಲ್ಲಿ. 1971ರಲ್ಲಿ ವಾಟರ್ಸ್ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹೋಗಿ ಅಲ್ಲಿ ಸಂರಕ್ಷಣಾ ವಿಭಾಗವನ್ನು ಕಟ್ಟಿದರು.

ಅದೇ ಪ್ರವಾಹದಲ್ಲಿ ಇನ್ನೊಬ್ಬ ಬೈಂಡರ್ ಕ್ರಿಸ್ಟೋಫರ್ ಕ್ಲಾರ್ಕ್‌ಸನ್ ಒಂದು ವಿಷಯ ಗಮನಿಸಿದರು. ಅಂದವಾಗಿ ಅಂಟು ಹಾಕಿ ಬಿಗಿದು ಕಟ್ಟಿದ ಎಷ್ಟೋ ಪುಸ್ತಕಗಳು ಹಾಳಾಗಿದ್ದವು. ಆದರೆ ಮೆತ್ತನೆಯ ತೊಗಲಿನ ಹೊದಿಕೆಯ, ಅಂಟೇ ಇಲ್ಲದೆ ದಾರದಿಂದ ಮಾತ್ರ ಹೊಲಿದ ಸಾದಾ ಪುಸ್ತಕಗಳು ಚೆನ್ನಾಗಿ ಉಳಿದುಕೊಂಡಿದ್ದವು! ದಾರ ಬಿಚ್ಚಿದರೆ ಬಿಡಿಯಾಗುವ ನಮ್ಮ ಓಲೆಗರಿ ಕಟ್ಟು ನೆನಪಾಗುವುದಿಲ್ಲವೇ? ಯಾವುದನ್ನು ಹಾನಿಯಿಲ್ಲದೆ ಬಿಚ್ಚಬಹುದೋ ಅದನ್ನು ಉಳಿಸಬಹುದು.

ನಮ್ಮ ದೇಶದಲ್ಲಿ

ಬ್ರಿಟಿಷರ ಕಾಲದ ಕಚೇರಿಗಳಲ್ಲಿ 'ದಫ್ತರಿ' ಎಂಬ ನೌಕರರಿದ್ದರು. ಕಡತ ಹೊಲಿಯುವುದು, ಹರಿದದ್ದಕ್ಕೆ ತೇಪೆ ಹಾಕುವುದು ಅವರ ಕೆಲಸ. 1891ರಲ್ಲಿ ಕಲ್ಕತ್ತದಲ್ಲಿ ಶುರುವಾದ ಸರ್ಕಾರಿ ದಾಖಲೆ ಇಲಾಖೆಯೇ ಮುಂದೆ ದೆಹಲಿಯ ರಾಷ್ಟ್ರೀಯ ಪತ್ರಾಗಾರವಾಯಿತು. ಅಲ್ಲಿಯ ತಜ್ಞ ಯಶ್‌ಪಾಲ್ ಕಠ್‌ಪಾಲಿಯಾ ಅವರ ಕೈಪಿಡಿಯನ್ನು ಯುನೆಸ್ಕೊ 1973ರಲ್ಲಿ ಪ್ರಕಟಿಸಿತು. 1950ರ ದಶಕದಲ್ಲಿ ಅದೇ ಪತ್ರಾಗಾರದವರು ಹಾಳೆಯ ಎರಡೂ ಕಡೆ ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟಿಶ್ಯೂ ಕಾಗದ ಇಟ್ಟು, ಅಸಿಟೋನ್ ಒರೆಸಿ ಅಂಟಿಸುವ ವಿಧಾನ ಕಂಡುಹಿಡಿದರು. ದೊಡ್ಡ ಯಂತ್ರ ಬೇಡ, ಕೈಯಲ್ಲೇ ಮಾಡಬಹುದು. ಅದು ಹೊರದೇಶಗಳಿಗೂ ಹೋಯಿತು. ಆದರೆ ಕಾಲ ಕಳೆದಂತೆ ಪ್ಲಾಸ್ಟಿಕ್ ತಾನೇ ಕೆಡುತ್ತದೆ ಎಂದು ತಿಳಿಯಿತು. ಈಗ ಸಾಧ್ಯವಾದಷ್ಟೂ ಜಪಾನಿ ಟಿಶ್ಯೂ ಕಾಗದ ಮತ್ತು ಗಂಜಿಯಂಥ ಪಿಷ್ಟದ ಸರಿಯನ್ನೇ ಬಳಸುತ್ತಾರೆ. ನೀರು ತಾಗಿಸಿದರೆ ಅದು ಬಿಟ್ಟುಕೊಳ್ಳುತ್ತದೆ. ಸುತ್ತಿ ಸುತ್ತಿ ಮೇಸ್ತ್ರಿಯ ಸರಿಯ ಬಟ್ಟಲಿಗೇ ಬಂದಂತಾಯಿತು!

ಹಾಗೆಂದು ಬೈಂಡರ್ ಕಲಿತದ್ದೆಲ್ಲ ಇಲ್ಲಿ ನಡೆಯುವುದಿಲ್ಲ. ಬೈಂಡರ್ ಅಂಚನ್ನು ನೀಟಾಗಿ ಕತ್ತರಿಸುತ್ತಾನೆ. ಸಂರಕ್ಷಕ ಕತ್ತರಿಸುವುದಿಲ್ಲ, ಅಂಚಿನಲ್ಲಿ ಯಾರೋ ಬರೆದ ಟಿಪ್ಪಣಿ ಇರಬಹುದು. ಬೈಂಡರ್ ಹಳೆಯ ರಟ್ಟು ಎಸೆದು ಹೊಸ ರೆಕ್ಸಿನ್ ಹಾಕುತ್ತಾನೆ. ಸಂರಕ್ಷಕ ಹಳೆಯದನ್ನು ಉಳಿಸುತ್ತಾನೆ, ಹೊಲಿಗೆಯ ಹಳೆಯ ತೂತುಗಳಲ್ಲೇ ಸೂಜಿ ಹಾಯಿಸುತ್ತಾನೆ. ಬೈಂಡರ್ ಹುಳ ಬಾರದಿರಲೆಂದು ಮೈದಾ ಸರಿಗೆ ಮೈಲುತುತ್ತ ಬೆರೆಸುತ್ತಾನೆ. ಸಂರಕ್ಷಕ ಬೆರೆಸುವುದಿಲ್ಲ, ಅದರ ತಾಮ್ರ ಕಾಗದವನ್ನು ಕೆಡಿಸುತ್ತದೆ. ಕೈ ಅದೇ, ಆದರೆ ಈಗ ಅದು ತಡೆದುಕೊಳ್ಳುವುದನ್ನೂ ಕಲಿತಿದೆ.

ಈ ದಾರಿಯಲ್ಲಿ ಹೋಗಲು ಬಯಸುವ ವಿದ್ಯಾರ್ಥಿಗಳಿಗೆ ಅವಕಾಶಗಳಿವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಪತ್ರಾಗಾರ ಅಧ್ಯಯನ ಶಾಲೆ, ಲಕ್ನೋದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾಲಯ ಮತ್ತು ಮೈಸೂರಿನಲ್ಲಿರುವ ಅದರ ಪ್ರಾದೇಶಿಕ ಪ್ರಯೋಗಾಲಯ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದ ಇಂಟ್ಯಾಕ್ ಸಂರಕ್ಷಣಾ ಕೇಂದ್ರ ಮುಂತಾದವು. ರಸಾಯನಶಾಸ್ತ್ರ ಓದಿದವರು ಕೈಕೆಲಸ ಕಲಿಯಬೇಕು. ಕೈಕೆಲಸ ಗೊತ್ತಿದ್ದವರು ರಸಾಯನಶಾಸ್ತ್ರ ಕಲಿಯಬೇಕು. ಎರಡೂ ಇದ್ದವರು ಬಹಳ ಕಡಿಮೆ.

ನಮ್ಮ ಕಪಾಟಿನಲ್ಲಿರುವ ಪತ್ರಾಗಾರ

ಈಗ ನಮ್ಮ ವಿಷಯಕ್ಕೆ ಬರೋಣ. ಪ್ರತಿ ಶಾಲೆಯಲ್ಲೂ ಒಂದು ಸಣ್ಣ ಪತ್ರಾಗಾರ ಇದೆ. ಅದೇ ದಾಖಲಾತಿ ರಿಜಿಸ್ಟರ್. ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನ, ಊರು, ಸೇರಿದ ದಿನ, ಬಿಟ್ಟ ದಿನ. ಊರು ಬಿಟ್ಟು ದುಡಿಯಲು ಬಂದ ಕುಟುಂಬಗಳಿಗೆ ಇದರ ಬೆಲೆ ಎಷ್ಟೆಂದು ಗೋವಾದಲ್ಲಿರುವ ನಮಗೆ ಗೊತ್ತು. ಇಲ್ಲಿ ಸರ್ಕಾರಿ ನೌಕರಿಗೆ ಹದಿನೈದು ವರ್ಷ ವಾಸದ ಪ್ರಮಾಣಪತ್ರ ಕೇಳುತ್ತಾರೆ. ಬಾಡಿಗೆ ಖೋಲಿ ಬದಲಾಗುತ್ತಿರುತ್ತದೆ, ಮನೆಯಲ್ಲಿ ಕಾಗದಪತ್ರ ಇರುವುದಿಲ್ಲ. ಆಗ ಹಳೆಯ ವಿದ್ಯಾರ್ಥಿ ಶಾಲೆಯ ಬಾಗಿಲಿಗೆ ಬರುತ್ತಾನೆ. ಅವನ ಹೆಸರಿದ್ದ ಪುಟವನ್ನು ಗೆದ್ದಲು ತಿಂದಿದ್ದರೆ ನಾವು ಏನು ಉತ್ತರ ಕೊಡುವುದು?

ಕಾಸರಗೋಡು, ಅಕ್ಕಲಕೋಟೆ, ಜತ್ತ ಮುಂತಾದ ಕಡೆಯ ಕನ್ನಡ ಶಾಲೆಗಳಿಗೆ ಇನ್ನೊಂದು ಮಾತು. 1956ರ ರಾಜ್ಯ ವಿಂಗಡಣೆಗೂ ಮೊದಲಿನ ರಿಜಿಸ್ಟರ್‌ಗಳು ನಿಮ್ಮಲ್ಲಿದ್ದರೆ ಅವು ಆ ಊರಿನ ಕನ್ನಡದ ಚರಿತ್ರೆ. ಮಕ್ಕಳ ಸಂಖ್ಯೆ ಇಳಿದು ಒಂದು ಶಾಲೆ ಮುಚ್ಚಿದರೆ ಅದರ ರಿಜಿಸ್ಟರ್ ಯಾವ ಕಪಾಟಿಗೆ ಹೋಯಿತು ಎಂದು ಕೇಳಿ ಇಟ್ಟುಕೊಳ್ಳಿ. ಶಾಲೆ ಹೋದರೂ ಅದು ಇತ್ತು ಎಂಬ ಸಾಕ್ಷಿ ಹೋಗಬಾರದು.

ಎಲ್ಲ ಶಾಲೆಗಳಲ್ಲೂ ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳಿ ಮುಗಿಸುತ್ತೇವೆ.

1. ಹಳೆಯ ರಿಜಿಸ್ಟರ್ ಅನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ. ಮಳೆಗಾಲಕ್ಕೆ ಮೊದಲು ಮತ್ತು ಆಮೇಲೆ ಒಮ್ಮೆ ತೆಗೆದು, ಒಣ ಬ್ರಷ್‌ನಿಂದ ಧೂಳು ಒರೆಸಿ, ನೆರಳಿನಲ್ಲಿ ಗಾಳಿಗೆ ಇಡಿ. ಬಿಸಿಲಿಗೆ ಬೇಡ.

2. ಹರಿದ ಪುಟಕ್ಕೆ ಸೆಲ್ಲೋ ಟೇಪ್ ಹಚ್ಚಬೇಡಿ. ಕೆಲವೇ ವರ್ಷದಲ್ಲಿ ಹಳದಿಯಾಗಿ, ಅಂಟು ಇಳಿದು, ಅಕ್ಷರವನ್ನೂ ಕೆಡಿಸುತ್ತದೆ. ಲ್ಯಾಮಿನೇಶನ್ ಕೂಡ ಬೇಡ, ಅದನ್ನು ಬಿಚ್ಚಲು ಬರುವುದಿಲ್ಲ.

3. ಬೈಂಡಿಂಗ್‌ಗೆ ಕೊಡುವಾಗ ಅಂಚು ಕತ್ತರಿಸಬಾರದೆಂದು ಸ್ಪಷ್ಟವಾಗಿ ಹೇಳಿ. ಕೊಡುವ ಮೊದಲು ಪುಟ ಎಣಿಸಿ, ಪ್ರತಿ ಪುಟದ ಫೋಟೊ ತೆಗೆದು ಎರಡು ಕಡೆ ಇಡಿ. ಫೋಟೊ ಇದೆಯೆಂದು ಮೂಲವನ್ನು ರದ್ದಿಗೆ ಹಾಕಬೇಡಿ.

4. ಊರಿನಲ್ಲಿ ಕೈಯಲ್ಲಿ ಹೊಲಿಯುವ ಹಳೆಯ ಬೈಂಡರ್ ಯಾರಾದರೂ ಇದ್ದರೆ ಒಂದು ದಿನ ಶಾಲೆಗೆ ಕರೆಯಿರಿ. ಮಕ್ಕಳು ತಮ್ಮ ನೋಟುಪುಸ್ತಕವನ್ನು ತಾವೇ ಹೊಲಿಯಲಿ. ಮೈಲುತುತ್ತ ವಿಷ, ಮಕ್ಕಳ ಸರಿಗೆ ಅದು ಬೇಡವೇ ಬೇಡ.

'ದೇಶ ಸುತ್ತು, ಕೋಶ ಓದು' ಎನ್ನುತ್ತಾರೆ ಹಿರಿಯರು. ನಾವು ದೇಶ ಸುತ್ತಿ ಗಡಿ ದಾಟಿ ಬಂದವರು. ಮುಂದಿನವರು ಓದಬೇಕಾದರೆ ಕೋಶ ಇರಬೇಕಲ್ಲ? ಅದನ್ನು ಹೊಲಿದು ಇಡುವ ಕೆಲಸ ನಮ್ಮದು. ನಿಮ್ಮ ಶಾಲೆಯ ಅತ್ಯಂತ ಹಳೆಯ ರಿಜಿಸ್ಟರ್ ಯಾವ ವರ್ಷದ್ದು? ನಾಳೆಯೇ ಕಪಾಟು ತೆರೆದು ನೋಡಿ, ಮಕ್ಕಳಿಗೂ ತೋರಿಸಿ.